ಹಡಗಲಿಯ ರಾವ್, ಸುಡಾನಿನ ಮೂಳೆಗಳು ಮತ್ತು ನಮ್ಮಜ್ಜನ ಎತ್ತರ

ಬರೆದು ಬಹಳ ದಿನವಾಯ್ತು. ಗೈಡ್ ಕೊಟ್ಟ ಗಡುವು, ಸಿನಾಪ್ಸಿಸ್, ಮಧ್ಯೆ ಒಂದು ಮದುವೆ (ನನ್ನದಲ್ಲ!), ಹೀಗೆ ಏನೇನೋ ನೆಪ. ಇವತ್ತು ಬರೆದೇ ಏಳೋದು ಅಂತ ಕೂತಿದ್ದೀನಿ. ಸ್ವಲ್ಪ ಉದ್ದವಾಗಬಹುದು, ಚಹಾ ಪಕ್ಕಕ್ಕಿಟ್ಟುಕೊಂಡು ಓದಿ.

ನಾನು ಪಿಎಚ್‌ಡಿ ಮಾಡುತ್ತಿರುವುದು ಸಂಖ್ಯಾಶಾಸ್ತ್ರದಲ್ಲಿ. ಹೀಗಂದ ಕೂಡಲೇ ಊರಲ್ಲಿ ಯಾರಾದರೊಬ್ಬರು "ಹಂಗಾರ ನಮ್ಮ ಹುಡುಗನ ಹೆಸರಿನಾಗ ಇನ್ನೊಂದು ಅಕ್ಷರ ಸೇರಿಸಿದ್ರ ನೌಕರಿ ಆಗತೈತೇನು ನೋಡಪಾ" ಅನ್ನುತ್ತಾರೆ. ಹೆಸರು ತಿದ್ದಿ ಭವಿಷ್ಯ ಹೇಳುವವರೂ ಅದೇ ಪದ ಇಟ್ಟುಕೊಂಡಿದ್ದಾರಲ್ಲ, ತಪ್ಪು ಅವರದಲ್ಲ. ಮೊದಮೊದಲು ವಿವರಿಸುತ್ತಿದ್ದೆ. ಈಗ "ಸೇರಿಸ್ರಿ, ಏನಾಗತೈತಿ" ಅಂದು ಸುಮ್ಮನಾಗುತ್ತೇನೆ :-)

ನನ್ನ ಇನ್ನೊಂದು ಹುಚ್ಚು ಹಳೆಯ ಪ್ರಬಂಧಗಳನ್ನು ಹುಡುಕಿ ಓದುವುದು. ಥೀಸಿಸ್‌ಗೆ ಬೇಕಾದದ್ದು ಹತ್ತು ಪುಟ ಇದ್ದರೆ ಬೇಡದ್ದು ನೂರು ಪುಟ ಓದಿರುತ್ತೇನೆ. ಒಂದು ಸೂತ್ರ ಯಾರು ಬರೆದರು, ಯಾವ ಊರಲ್ಲಿ ಕೂತು ಬರೆದರು, ಆಗ ಅವರಿಗೆ ಊಟಕ್ಕೆ ಏನಿತ್ತು, ಇಂಥವೆಲ್ಲ. ಗೈಡ್ ಇದನ್ನು ಕಾಲಹರಣ ಅನ್ನುತ್ತಾರೆ. ಇರಬಹುದು. ಇವತ್ತಿನ ಕತೆ ಆ ಕಾಲಹರಣದಲ್ಲಿ ಸಿಕ್ಕಿದ್ದು. ನನ್ನ ಹಾಗೆಯೇ ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗನ ಕತೆ. ಹೋಲಿಕೆ ಅಷ್ಟಕ್ಕೇ ಮುಗಿಯಿತು, ಯಾಕೆಂದರೆ ಆ ಹುಡುಗ ಸಿ.ಆರ್. ರಾವ್.

ಕಲ್ಯಂಪುಡಿ ರಾಧಾಕೃಷ್ಣ ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಹೂವಿನಹಡಗಲಿಯಲ್ಲಿ. ಹೌದು, ನಮ್ಮ ಮಲ್ಲಿಗೆಯ ಹಡಗಲಿ! ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಬಳ್ಳಾರಿಯನ್ನು ಹಂಚಿದಾಗ ಮೈಸೂರು ಕಡೆ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗು. ತಂದೆ ಪೊಲೀಸ್ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್, ವರ್ಗಾವಣೆಯಾದ ಕಡೆಗೆಲ್ಲ ಸಂಸಾರ ಹೊರಡಬೇಕು. ಹತ್ತು ಮಕ್ಕಳಲ್ಲಿ ಇವರು ಎಂಟನೆಯವರು. ದೇವಕಿಯ ಎಂಟನೆಯ ಮಗ ಕೃಷ್ಣನಲ್ಲವೇ, ಅದಕ್ಕೇ ರಾಧಾಕೃಷ್ಣ ಅಂತ ಹೆಸರು. ಓದಿದ್ದೆಲ್ಲ ಆಂಧ್ರದ ಊರುಗಳಲ್ಲಿ. ಹಾಗಾಗಿ "ನಮ್ಮ ಕನ್ನಡಿಗ" ಅಂತ ನಾವು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಹುಟ್ಟಿದ ನೆಲ ನಮ್ಮದು, ಅಷ್ಟೇ. ಅಷ್ಟಾದರೂ ನಮ್ಮದು.

ನಮ್ಮೂರು ಹಾವೇರಿ ಜಿಲ್ಲೆಯಲ್ಲಿ, ಗುತ್ತಲದ ಕಡೆ. ತುಂಗಭದ್ರೆ ದಾಟಿದರೆ ಹಡಗಲಿ ತಾಲೂಕು. ಪ್ರತಿ ವರ್ಷ ಭಾರತ ಹುಣ್ಣಿಮೆ ಆದಮೇಲೆ ಮೈಲಾರಕ್ಕೆ ಕಾರಣಿಕ ಕೇಳಲು ಹೋಗುವುದು ನಮ್ಮ ಮನೆಯ ಪದ್ಧತಿ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದಾಗ ಲಕ್ಷಗಟ್ಟಲೆ ಜನ ಗಪ್‌ಚಿಪ್. ಆಮೇಲೆ ಒಂದೇ ಒಂದು ಮಾತು. ಆ ಮಾತಿಗೆ ಮಳೆಯವರು ಒಂದು ಅರ್ಥ, ಬೆಳೆಯವರು ಒಂದು ಅರ್ಥ, ರಾಜಕೀಯದವರು ಇನ್ನೊಂದು ಅರ್ಥ ಹಚ್ಚುತ್ತಾರೆ. ನಮ್ಮ ಶಾಸ್ತ್ರದ ಪಾಡು ಇದರ ತಿರುಗಾಮುರುಗಾ. ಸಾವಿರಾರು ಅಂಕಿಗಳಿರುತ್ತವೆ, ಅರ್ಥ ಮಾತ್ರ ಒಂದೇ ಬರಬೇಕು. ಹೋದ ಸಲ ಕಾರಣಿಕ ಮುಗಿಸಿ ನಾನೊಬ್ಬನೇ ಹಡಗಲಿಗೆ ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರ ಮೂರು ಜನರನ್ನು "ಸಿ.ಆರ್. ರಾವ್ ಅಂತ ದೊಡ್ಡ ವಿಜ್ಞಾನಿ ಹುಟ್ಟಿದ ಮನೆ ಎಲ್ಲೈತ್ರಿ" ಅಂತ ಕೇಳಿದೆ. ಒಬ್ಬರು "ಡಾಕ್ಟರ್ರಾ?" ಅಂದರು. ಇನ್ನೊಬ್ಬರು ರಾವ್ ಅನ್ನುವ ವಕೀಲರ ಮನೆ ತೋರಿಸಿದರು. ಮೂರನೆಯವರು ಹೂ ಮಾರುವ ಹೆಂಗಸು, "ಅವರ ಮನಿ ಗೊತ್ತಿಲ್ಲ, ಒಂದು ಮಾರು ತಗೊಂಡು ಹೋಗಪಾ" ಅಂದರು. ತಗೊಂಡು ಬಂದೆ.

ರಾವ್ ಚಿಕ್ಕವರಿದ್ದಾಗ ಅವರ ತಾಯಿ ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಎಣ್ಣೆ ದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದರಂತೆ. ಮುಂದೆ ಒಂದು ಪುಸ್ತಕವನ್ನು ತಾಯಿಗೆ ಅರ್ಪಿಸುವಾಗ ಅವರೇ ಇದನ್ನು ನೆನೆದಿದ್ದಾರೆ. 1940ರಲ್ಲಿ ಆಂಧ್ರ ವಿಶ್ವವಿದ್ಯಾಲಯದಿಂದ ಗಣಿತದ ಎಂ.ಎ., ಮೊದಲ ರ‍್ಯಾಂಕ್. ಆದರೆ ಕೆಲಸವಿಲ್ಲ! ಸಂಶೋಧನೆಗೆ ಸ್ಕಾಲರ್‌ಶಿಪ್ ಕೇಳಿದರೆ ಅರ್ಜಿ ತಡವಾಯಿತು. ಯುದ್ಧದ ಕಾಲ, ಸೈನ್ಯದ ಸರ್ವೇ ವಿಭಾಗಕ್ಕೆ ಗಣಿತಜ್ಞರು ಬೇಕು ಅಂತ ಕಲ್ಕತ್ತಾದಲ್ಲಿ ಸಂದರ್ಶನವಿತ್ತು, ಹೋದರು. ಆ ಕೆಲಸವೂ ಸಿಗಲಿಲ್ಲ. ಆದರೆ ಕಲ್ಕತ್ತಾದಲ್ಲಿ ಒಬ್ಬ ಯುವಕನ ಪರಿಚಯವಾಯಿತು. ಅವನು ಬೊಂಬಾಯಿಯಿಂದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ತರಬೇತಿಗೆ ಬಂದವನು. ಅವನ ಬೆನ್ನು ಹತ್ತಿ ನೋಡಲು ಹೋದ ರಾವ್, 1941ರ ಜನವರಿ 1ಕ್ಕೆ ಅಲ್ಲಿಯೇ ಸೇರಿಕೊಂಡರು.

ಆ ಸಂಸ್ಥೆ ಕಟ್ಟಿದವರು ಪ್ರಶಾಂತಚಂದ್ರ ಮಹಾಲನೊಬಿಸ್. ಮೂಲತಃ ಭೌತಶಾಸ್ತ್ರದ ಮೇಷ್ಟ್ರು. ಅವರನ್ನು ಅಂಕಿ-ಅಂಶದ ಕಡೆಗೆ ತಿರುಗಿಸಿದವರಲ್ಲಿ ಒಬ್ಬರು ಬ್ರಜೇಂದ್ರನಾಥ ಸೀಲ್. 1917ರ ಹೊತ್ತಿಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ಲೆಕ್ಕ ಹಾಕಿ ಕೊಡು ಅಂತ ಹಚ್ಚಿದ್ದು ಅವರೇ. ಅಂದ ಹಾಗೆ, ಇದೇ ಸೀಲ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದವರು.

ಕಲ್ಕತ್ತಾ ವಿಶ್ವವಿದ್ಯಾಲಯ 1941ರಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಶುರು ಮಾಡಿತು, ದೇಶದಲ್ಲೇ ಮೊದಲು. ರಾವ್ ಮೊದಲ ಬ್ಯಾಚು. 1943ರಲ್ಲಿ ಶೇ. 87 ಅಂಕ, ಚಿನ್ನದ ಪದಕ. ಪಾಸಾದ ಕೂಡಲೇ ಅಲ್ಲೇ ಪಾಠ ಹೇಳಲು ನಿಂತರು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಒಂದು ಪ್ರಶ್ನೆ ಎತ್ತಿದ. ಫಿಶರ್ ಹೇಳಿದ ಫಲಿತಾಂಶ ಮಾದರಿ ಬಹಳ ದೊಡ್ಡದಿದ್ದಾಗ ಸರಿ, ಚಿಕ್ಕದಿದ್ದರೆ? ಪ್ರಶ್ನೆ ಕೇಳಿದವರು ವಿ.ಎಂ. ದಾಂಡೇಕರ್, ಮುಂದೆ ಭಾರತದ ಬಡತನದ ಬಗ್ಗೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞ. ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕೂತು ಉತ್ತರ ಕಂಡುಹಿಡಿದರು. 1945ರಲ್ಲಿ ಅಚ್ಚಾದ ಆ ಪ್ರಬಂಧದಲ್ಲಿರುವುದನ್ನೇ ಇವತ್ತು ನಾವು ಕ್ರಾಮೆರ್-ರಾವ್ ಮಿತಿ ಅಂತ ಓದುತ್ತೇವೆ. ಸರಳವಾಗಿ ಹೇಳುವುದಾದರೆ, ಶೇಂಗಾದಲ್ಲಿ ಎಷ್ಟು ಎಣ್ಣೆ ಇದೆಯೋ ಅಷ್ಟೇ ಬರುವುದು, ಗಾಣ ಎಷ್ಟೇ ಒಳ್ಳೆಯದಿರಲಿ. ಹಾಗೆಯೇ ನಿಮ್ಮ ಕೈಯಲ್ಲಿರುವ ಅಂಕಿಗಳಿಂದ ಒಂದು ಮಟ್ಟಕ್ಕಿಂತ ನಿಖರವಾದ ಅಂದಾಜು ತೆಗೆಯಲು ಸಾಧ್ಯವೇ ಇಲ್ಲ. ಆ ಮಟ್ಟ ಎಷ್ಟು ಅಂತ ಲೆಕ್ಕ ಹಾಕಿ ತೋರಿಸಿದರು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ನನಗೆ ಇಪ್ಪತ್ತೆಂಟು. ಇರಲಿ ಬಿಡಿ.

ಇಷ್ಟೆಲ್ಲ ಎಲ್ಲ ಕಡೆ ಸಿಗುತ್ತದೆ. ನನಗೆ ಬೇಕಿದ್ದದ್ದು ಮುಂದಿನ ಎರಡು ವರ್ಷ, 1946ರಿಂದ 48.

ಸುಡಾನಿನಲ್ಲಿ, ಬಿಳಿ ನೈಲ್ ಮತ್ತು ನೀಲಿ ನೈಲ್ ನದಿಗಳ ನಡುವೆ ಜೆಬೆಲ್ ಮೋಯಾ ಅನ್ನುವ ಗುಡ್ಡವಿದೆ. ಔಷಧಿ ಕಂಪನಿಯ ಸಾಹುಕಾರ ಹೆನ್ರಿ ವೆಲ್‌ಕಮ್ 1911ರಿಂದ 1914ರವರೆಗೆ ಅಲ್ಲಿ ಅಗೆಸಿದ. ("ಟ್ಯಾಬ್ಲಾಯ್ಡ್" ಅನ್ನುವ ಪದ ಹುಟ್ಟಿದ್ದು ಇವನ ಕಂಪನಿಯಲ್ಲೇ, ಗುಳಿಗೆಗೆ ಇಟ್ಟ ಟ್ರೇಡ್‌ಮಾರ್ಕ್ ಅದು. ಪತ್ರಿಕೆಗಳಿಗೆ ಆಮೇಲೆ ಅಂಟಿತು.) ಮೂರು ಸಾವಿರಕ್ಕೂ ಹೆಚ್ಚು ಸಮಾಧಿಗಳು ಸಿಕ್ಕವು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು. ಮೂಳೆಗಳು ಇಂಗ್ಲೆಂಡಿಗೆ ಹೋದವು, ವೆಲ್‌ಕಮ್ 1936ರಲ್ಲಿ ತೀರಿಕೊಂಡ, ಎರಡನೆಯ ಯುದ್ಧವೂ ಮುಗಿಯಿತು. ಆ ಜನ ಯಾರು, ಯಾರಿಗೆ ಹತ್ತಿರದವರು ಅನ್ನುವುದು ಇನ್ನೂ ಬಗೆಹರಿದಿರಲಿಲ್ಲ. ಕೇಂಬ್ರಿಜ್‌ನ ಮ್ಯೂಸಿಯಂನಲ್ಲಿದ್ದ ಮಾನವಶಾಸ್ತ್ರಜ್ಞ ಜೆ.ಸಿ. ಟ್ರೆವರ್, ಮಹಾಲನೊಬಿಸ್‌ಗೆ ಕೇಳಿಕೊಂಡರು. ನಿಮ್ಮ ಡಿ-ಸ್ಕ್ವೇರ್ ವಿಧಾನ ಗೊತ್ತಿರುವವರನ್ನು ಕಳಿಸಿಕೊಡಿ ಅಂತ. ಮಹಾಲನೊಬಿಸ್ ಇಬ್ಬರನ್ನು ಕಳಿಸಿದರು. ಒಬ್ಬರು ಮುಂದೆ ದೊಡ್ಡ ಸಮಾಜಶಾಸ್ತ್ರಜ್ಞರಾದ ರಾಮಕೃಷ್ಣ ಮುಖರ್ಜಿ. ಇನ್ನೊಬ್ಬರು ರಾವ್.

ಗಮನಿಸಿ, ಆಗಿನ್ನೂ ನಮ್ಮ ದೇಶ ಬ್ರಿಟಿಷರ ಕೈಯಲ್ಲೇ ಇತ್ತು. ಆದರೆ ಕೇಂಬ್ರಿಜ್‌ನವರು ಲೆಕ್ಕಕ್ಕೆ ಜನ ಕೇಳಿದ್ದು ಕಲ್ಕತ್ತಾದಿಂದ!

ಡಿ-ಸ್ಕ್ವೇರ್ ಅಂದರೆ ಏನು ಅಂತ ಒಂದು ಮಾತು ಹೇಳಬೇಕು. ನಮ್ಮಜ್ಜ ಬಡಿಗ. ಬಾಗಿಲ ಚೌಕಟ್ಟಿನ ಜೋಡಣೆಯಲ್ಲಿ ನಾಲ್ಕು ಮಿಲಿಮೀಟರ್ ಸಂದು ಬಿದ್ದರೆ ಅವತ್ತು ಊಟ ಬಿಡುತ್ತಿದ್ದ. ಅದೇ ನಿಂತ ಮರದ ಸುತ್ತಳತೆಯಲ್ಲಿ ನಾಲ್ಕು ಮಿಲಿಮೀಟರ್ ಯಾರು ಕೇಳುತ್ತಾರೆ? ವ್ಯತ್ಯಾಸ ದೊಡ್ಡದೋ ಸಣ್ಣದೋ ಅನ್ನುವುದು, ಆ ವಸ್ತುಗಳು ತಮ್ಮೊಳಗೆ ಎಷ್ಟು ಹೆಚ್ಚುಕಡಿಮೆ ಇರುತ್ತವೆ ಅನ್ನುವುದರ ಮೇಲೆ ನಿಂತಿದೆ. ಇನ್ನೂ ಒಂದಿದೆ. ಎತ್ತರದ ಮನುಷ್ಯ ಕೂತಾಗಲೂ ಸಾಮಾನ್ಯವಾಗಿ ಎತ್ತರವೇ. ನಿಂತ ಎತ್ತರ, ಕೂತ ಎತ್ತರ ಎರಡನ್ನೂ ಬೇರೆಬೇರೆಯಾಗಿ ಎಣಿಸಿದರೆ ಒಂದೇ ವ್ಯತ್ಯಾಸವನ್ನು ಎರಡು ಸಲ ಎಣಿಸಿದಂತೆ. ಈ ಎರಡನ್ನೂ ಸರಿದೂಗಿಸಿ ಎರಡು ಗುಂಪುಗಳ ನಡುವಿನ ದೂರ ಅಳೆಯುವುದೇ ಡಿ-ಸ್ಕ್ವೇರ್. ಮಹಾಲನೊಬಿಸ್ 1936ರಲ್ಲಿ ಅದರ ಪೂರ್ಣ ರೂಪ ಕೊಟ್ಟರು.

ರಾವ್ 1946ರ ಆಗಸ್ಟಿನಲ್ಲಿ ಕೇಂಬ್ರಿಜ್ ತಲುಪಿದರು. ಯುದ್ಧ ಗೆದ್ದ ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೂ ರೇಷನ್; ಅದೂ ಯುದ್ಧ ಮುಗಿದ ಮೇಲೆ, ಅದೇ ಜುಲೈನಿಂದ ಶುರುವಾಗಿತ್ತು, 1948ರ ಜುಲೈವರೆಗೆ ಇತ್ತು. 1947ರ ಚಳಿಗಾಲವಂತೂ ಆ ದೇಶದವರು ಇಂದಿಗೂ ನೆನೆಸಿಕೊಳ್ಳುವಂಥದ್ದು, ಕಲ್ಲಿದ್ದಲಿಗೆ ಬರ, ಕರೆಂಟಿಗೆ ಬರ. ಆ ಚಳಿಗೆ ಕರಾವಳಿಯ ವಿಶಾಖಪಟ್ಟಣದಲ್ಲಿ ಓದಿದ ಹುಡುಗ! ಹಗಲು ಮ್ಯೂಸಿಯಂನಲ್ಲಿ ಮೂಳೆಗಳ ಲೆಕ್ಕ. ಜೊತೆಗೆ ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿಸಿದರು. ಗೈಡ್ ಯಾರು ಗೊತ್ತೇ? ಆರ್.ಎ. ಫಿಶರ್. ಆಧುನಿಕ ಸಂಖ್ಯಾಶಾಸ್ತ್ರದ ಅರ್ಧಕ್ಕರ್ಧ ಕಟ್ಟಿದವನು, ಆಗ ಕೇಂಬ್ರಿಜ್‌ನಲ್ಲಿ ತಳಿಶಾಸ್ತ್ರದ ಪ್ರೊಫೆಸರ್. ಫಿಶರ್ ಒಪ್ಪಿದ್ದು ಒಂದು ಷರತ್ತಿನ ಮೇಲೆ, ತನ್ನ ಪ್ರಯೋಗಾಲಯದಲ್ಲೂ ಕೆಲಸ ಮಾಡಬೇಕು ಅಂತ. ಅಲ್ಲಿ ಇಲಿಗಳನ್ನು ಸಾಕಿ, ಕೂಡಿಸಿ, ಮರಿಗಳ ಲಕ್ಷಣ ಬರೆದಿಟ್ಟು ವರ್ಣತಂತುಗಳ ನಕ್ಷೆ ಮಾಡುತ್ತಿದ್ದರು. ಹಗಲು ಸತ್ತವರ ಮೂಳೆ, ಸಂಜೆ ಜೀವಂತ ಇಲಿ. ಅಂದಮೇಲೆ "ಲ್ಯಾಬಿನ ಕೆಲಸ ಜಾಸ್ತಿ, ಥೀಸಿಸ್‌ಗೆ ಟೈಮ್ ಇಲ್ಲ" ಅನ್ನುವ ನಮ್ಮ ಗೋಳನ್ನು ಯಾರ ಹತ್ತಿರ ಹೇಳೋಣ.

ಕಂಪ್ಯೂಟರ್ ಇಲ್ಲ. ಲೆಕ್ಕಯಂತ್ರಗಳೆಂದರೆ ಮೇಜಿನ ಮೇಲಿಟ್ಟು ಹಿಡಿಕೆ ತಿರುಗಿಸುವಂಥವು. ಒಂದು ಗುಂಪು ಇನ್ನೊಂದಕ್ಕೆ ಎಷ್ಟು ದೂರ ಅಂತ ನೋಡಲು ನಾನು ಕೊಡುವ ಒಂದು ಸಾಲಿನ ಆದೇಶ ಅವರಿಗೆ ದಿನಗಟ್ಟಲೆಯ ತಿರುಗಿಸಾಟ. 1947ರ ಆಗಸ್ಟ್ 15 ಬಂದಾಗಲೂ ರಾವ್ ಅಲ್ಲೇ ಇದ್ದರು. 1948ರಲ್ಲಿ ಥೀಸಿಸ್ ಒಪ್ಪಿಸಿ ಊರಿಗೆ ಮರಳಿದರು. ವಿಷಯ, ಜೀವಶಾಸ್ತ್ರೀಯ ವರ್ಗೀಕರಣದ ಸಂಖ್ಯಾಶಾಸ್ತ್ರೀಯ ಸಮಸ್ಯೆಗಳು. ಫಿಶರ್ 1936ರಲ್ಲಿ ಹೂವಿನ ಎಸಳುಗಳ ಅಳತೆಯಿಂದ ಎರಡು ಜಾತಿಯ ಹೂಗಳನ್ನು ಬೇರ್ಪಡಿಸುವ ಸೂತ್ರ ಕೊಟ್ಟಿದ್ದ. ರಾವ್ ಅದನ್ನು ಎಷ್ಟು ಗುಂಪುಗಳಿದ್ದರೂ ನಡೆಯುವಂತೆ ಹಿಗ್ಗಿಸಿದರು. ಸುಡಾನಿನ ಪುಸ್ತಕ ಮುಖರ್ಜಿ, ರಾವ್, ಟ್ರೆವರ್ ಮೂವರ ಹೆಸರಲ್ಲಿ 1955ರಲ್ಲಿ ಬಂತು.

ಇಲ್ಲಿಗೆ ಮುಗಿಸಿದ್ದರೆ ಇದು "ಹೆಮ್ಮೆಯ ಸಾಧಕರು" ಮಾದರಿಯ ಬರಹವಾಗುತ್ತಿತ್ತು. ನಾನು ಬರೆಯಬೇಕು ಅಂದುಕೊಂಡದ್ದು ಈಗ ಶುರು.

ಎಂ.ಎಸ್ಸಿ. ಓದುವಾಗ ವರ್ಗೀಕರಣದ ಪಾಠಕ್ಕೆ ಒಂದು ಲೆಕ್ಕ ಕೊಟ್ಟಿದ್ದರು. ರಾವ್ 1948ರಲ್ಲಿ ಪ್ರಕಟಿಸಿದ ಪ್ರಬಂಧದ ಉದಾಹರಣೆ ಅದು. ಮೂರು ಗುಂಪು: ಬ್ರಾಹ್ಮಿನ್, ಆರ್ಟಿಸಾನ್, ಕೋರ್ವಾ. ನಾಲ್ಕು ಅಳತೆ: ನಿಂತ ಎತ್ತರ, ಕೂತ ಎತ್ತರ, ಮೂಗಿನ ಆಳ, ಮೂಗಿನ ಎತ್ತರ. ಅಳತೆಗಳನ್ನು ಕೊಟ್ಟರೆ ಆ ಮನುಷ್ಯ ಯಾವ ಗುಂಪಿನವನು ಅಂತ ಹೇಳಬೇಕು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಮಾಡಿ, ಒರೆಸಿ, ಮುಂದಿನದಕ್ಕೆ ಹೋದರು. ಅವರಿಗೆ ಅದು ಬರೀ ಎ, ಬಿ, ಸಿ.

ಆದರೆ ಆರ್ಟಿಸಾನ್ ಅಂದರೆ ನಾವು! ಬಡಿಗೇರು, ಕಮ್ಮಾರರು, ಕುಂಬಾರರು. ಕೋರ್ವಾ ಅಂದರೆ ಉತ್ತರ ಪ್ರದೇಶದ ದಕ್ಷಿಣದ ಕಾಡುಗಳ ಒಂದು ಬುಡಕಟ್ಟು (ನಮ್ಮ ಕಡೆಯ ಕೊರವರಲ್ಲ). ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಹುಡುಗರು ಸ್ಕೇಲ್ ಹಿಡಿದು ಒಬ್ಬರ ಮೂಗು ಒಬ್ಬರು ಅಳೆಯಲು ಶುರು ಮಾಡಿದರು. ನಗುವೋ ನಗು. "ಲೇ ಬಡಿಗೇರ, ಲೆಕ್ಕದ ಪ್ರಕಾರ ನೀನು ಬ್ರಾಹ್ಮಣ!" ಅಂತ ನನಗೆ ಕೂಗಿದರು. ನಾನೂ ನಕ್ಕೆ. ನಮ್ಮ ರೂಮಿನಲ್ಲಿ ಇನ್ನೊಬ್ಬನಿದ್ದ. ಅವನ ಜಾತಿ ಆ ಪಟ್ಟಿಯಲ್ಲೇ ಇರಲಿಲ್ಲ, ಆದರೂ ಎಲ್ಲಿ ಸೇರಿಸುತ್ತಾರೆ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಸ್ಕೇಲು ತನ್ನ ಹತ್ತಿರ ಬರುವ ಮುಂಚೆ ಎದ್ದು ಹೊರಗೆ ಹೋದ. ಯಾರೂ ಏನೂ ಅನ್ನಲಿಲ್ಲ, ಆಟ ಅಲ್ಲಿಗೆ ನಿಂತಿತು. ಆ ನಗುವಿನಲ್ಲಿ ನಾನೂ ಇದ್ದೆ ಅನ್ನುವುದು ಈಗಲೂ ಚುಚ್ಚುತ್ತದೆ.

ಈ ಅಳತೆಗಳು ಬಂದದ್ದೆಲ್ಲಿಂದ ಅಂತ ಹುಡುಕಿದೆ. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲೆ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ, ಚೂಪಾದಷ್ಟೂ ಮೇಲೆ ಎಂಬುದನ್ನು ಶಾಸ್ತ್ರದ ನಿಯಮವೆಂಬಂತೆ ಬರೆದವನು. ಮದ್ರಾಸ್ ಪ್ರಾಂತ್ಯದಲ್ಲಿ ಇದೇ ಕೆಲಸಕ್ಕೆ ನಿಂತವನು ಎಡ್ಗರ್ ಥರ್ಸ್ಟನ್, 1909ರಲ್ಲಿ ಏಳು ಸಂಪುಟ ಹೊರತಂದ. ರಾವ್ ಹುಟ್ಟುವ ಹನ್ನೊಂದು ವರ್ಷ ಮುಂಚೆ. ರಿಸ್ಲೆಯ ಮಾತನ್ನು ನಮ್ಮವರು ಸುಮ್ಮನೆ ಒಪ್ಪಲಿಲ್ಲ ಅನ್ನುವುದೂ ನಿಜ. ಜಿ.ಎಸ್. ಘುರ್ಯೆ 1932ರಲ್ಲಿ ಅದೇ ಅಂಕಿಗಳನ್ನು ಹಿಡಿದು, ಉತ್ತರದ ಒಂದು ಭಾಗ ಬಿಟ್ಟರೆ ಬೇರೆಡೆ ಈ ನಿಯಮ ನಿಲ್ಲುವುದಿಲ್ಲ ಅಂದರು. ಮಹಾಲನೊಬಿಸ್ 1933ರಲ್ಲಿ ರಿಸ್ಲೆಯ ಬಂಗಾಳದ ಪಟ್ಟಿಗಳನ್ನು ಕೂತು ಪರೀಕ್ಷಿಸಿ ಅದರೊಳಗಿನ ತಪ್ಪುಗಳನ್ನು ತಿದ್ದಿದರು. ಆದರೂ ಅಳೆಯುವ ಕೆಲಸ ನಿಲ್ಲಲಿಲ್ಲ. 1941ರಲ್ಲಿ ಆಗಿನ ಸಂಯುಕ್ತ ಪ್ರಾಂತ್ಯದಲ್ಲಿ ಡಿ.ಎನ್. ಮಜುಂದಾರ್ ಹೊಸದಾಗಿ ಅಳತೆ ತೆಗೆದರು. ಅದರ ಲೆಕ್ಕ ರಾವ್ ಪಾಲಿಗೆ ಬಂತು. ಮೂವರೂ ಸೇರಿ ಬರೆದ ವರದಿ 1949ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಬಂತು. ಸುಡಾನಿನ ಮೂಳೆಗೂ ಹಿಡಿದದ್ದು ಅದೇ ವಿಧಾನ.

ಆ ವರದಿಯಲ್ಲಿ ಬ್ರಾಹ್ಮಣ ಗುಂಪುಗಳು ಒಂದು ಕಡೆ, ಕಸುಬಿನವರು ಇನ್ನೊಂದು ಕಡೆ, ಬುಡಕಟ್ಟುಗಳು ಮತ್ತೊಂದು ಕಡೆ ಗುಂಪುಗೂಡುತ್ತವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೊದಲ ಸಲ ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಹಡಗಲಿಯಲ್ಲಿ ಹುಟ್ಟಿದ, ನಾನು ದೇವರಂತೆ ನೋಡುತ್ತಿದ್ದ ಮನುಷ್ಯ ಕೂಡ ಕಡೆಗೆ ರಿಸ್ಲೆಯ ಮಾತನ್ನೇ ಹೇಳಿದನೇ?

ಒಂದು ವಾರ ಬಿಟ್ಟು ಮತ್ತೆ ಲೆಕ್ಕಕ್ಕೆ ಕೂತೆ. ಎತ್ತರ ಒಂದನ್ನೇ ತೆಗೆದುಕೊಳ್ಳಿ. ರಾವ್ ಕೊಟ್ಟ ಸರಾಸರಿ ಬ್ರಾಹ್ಮಣರದ್ದು ಸುಮಾರು 164.5 ಸೆಂ.ಮೀ., ಕಸುಬಿನವರದ್ದು 160.5, ಕೋರ್ವಾಗಳದ್ದು 158. ಗುಂಪಿನೊಳಗಿನ ಏರುಪೇರು (ಪ್ರಮಾಣಿತ ವಿಚಲನೆ) ಸುಮಾರು 5.7. ಅಂದರೆ ಗುಂಪುಗಳ ನಡುವಿನ ವ್ಯತ್ಯಾಸ, ಒಂದೇ ಗುಂಪಿನ ಇಬ್ಬರ ನಡುವೆ ಸಹಜವಾಗಿ ಇರುವ ವ್ಯತ್ಯಾಸಕ್ಕಿಂತ ಕಡಿಮೆ. 162.5ಕ್ಕೆ ಗೆರೆ ಎಳೆದು, ಮೇಲಿನವರು ಬ್ರಾಹ್ಮಣರು, ಕೆಳಗಿನವರು ಕಸುಬಿನವರು ಅಂತ ಹೇಳುತ್ತಾ ಹೋದರೆ ನೂರರಲ್ಲಿ ಸುಮಾರು 36 ಜನರ ಬಗ್ಗೆ ನೀವು ಹೇಳಿದ್ದು ತಪ್ಪಾಗುತ್ತದೆ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೆ 50 ತಪ್ಪು. ನಾಲ್ಕೂ ಅಳತೆ ಸೇರಿಸಿದರೆ ತಪ್ಪು ಇನ್ನಷ್ಟು ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಗುಂಪುಗಳ ಸರಾಸರಿಗಳ ನಡುವೆ ದೂರ ಇದೆ ಅನ್ನುವುದು ಒಂದು ಮಾತು. ಎದುರಿಗೆ ನಿಂತ ಒಬ್ಬ ಮನುಷ್ಯ ಯಾರು ಅನ್ನುವುದು ಬೇರೆಯೇ ಮಾತು. ರಿಸ್ಲೆ ಇವೆರಡನ್ನೂ ಕಲಸಿದ್ದ. ರಾವ್ ಬರೆದ ವಿಧಾನದಲ್ಲಿ ಇವೆರಡೂ ಬೇರೆಬೇರೆ ಸಮಸ್ಯೆಗಳು, ಎರಡನೆಯದಕ್ಕೆ ಎಷ್ಟು ತಪ್ಪಾಗುತ್ತದೆ ಅನ್ನುವುದೂ ಲೆಕ್ಕದ ಒಳಗೇ ಇದೆ. ಇದು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಆದರೂ ಉದಾಹರಣೆಗೆ ಆ ಮೂರು ಹೆಸರುಗಳೇ ಯಾಕೆ ಬೇಕಿತ್ತು ಅನ್ನುವ ಪ್ರಶ್ನೆ ಹೋಗಿಲ್ಲ. ಕೈಯಲ್ಲಿದ್ದ ಅಂಕಿಗಳು ಅವೇ ಆಗಿದ್ದವು ಅನ್ನುವುದು ಉತ್ತರವಿರಬಹುದು. ಫಿಶರ್ ಅಂತೂ 1943ರವರೆಗೆ ಲಂಡನ್ನಿನಲ್ಲಿ ಕೂತಿದ್ದ ಪೀಠದ ಹೆಸರೇ ಸುಸಂತತಿಶಾಸ್ತ್ರದ್ದು. ಅದೇ ಕಾರಣಕ್ಕೆ 2020ರಲ್ಲಿ ಅವನ ನೆನಪಿನ ಬಣ್ಣದ ಗಾಜಿನ ಕಿಟಕಿಯನ್ನು ಕೇಂಬ್ರಿಜ್‌ನ ಕೀಸ್ ಕಾಲೇಜು ತೆಗೆಯಲು ತೀರ್ಮಾನಿಸಿತು. ರಾವ್‌ರನ್ನು ರಿಸ್ಲೆಯ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆ ಕಾಲ ಹಾಗಿತ್ತು ಅಂತ ಕೈ ತೊಳೆದುಕೊಳ್ಳುವುದೂ ನನ್ನಿಂದ ಆಗುವುದಿಲ್ಲ.

ಎಂ.ಎಸ್ಸಿ. ದಿನಗಳಲ್ಲೇ ರಜೆಗೆ ಊರಿಗೆ ಹೋದಾಗ ಅಜ್ಜನಿಗೆ ಈ ಲೆಕ್ಕ ಹೇಳಿದ್ದೆ. ಆಗ ಅಜ್ಜ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದ.

"ಮೂಗ ಅಳದು ಜಾತಿ ಹೇಳತಾರಂತ?"

"ಹ್ಞೂಂ ಅಜ್ಜ, ಎತ್ತರಾನೂ ಅಳೀತಾರ."

ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತ. ಆಮೇಲೆ, "ಹಲಗಿ ಅಳದ್ರ ಎಷ್ಟುದ್ದ ಐತಿ ಅಂತ ಹೇಳಬಹುದು. ಸಾಗವಾನಿನೋ ಮತ್ತಿನೋ ಅಂತ ಹೇಳಾಕ ಬರೂದಿಲ್ಲೋ ತಮ್ಮಾ" ಅಂದ.

ಅಜ್ಜ ತೀರಿಕೊಂಡು ಆರು ವರ್ಷವಾಯಿತು. ಅವನ ಎತ್ತರ ಐದಡಿ ಎರಡು ಇಂಚು. ನನಗೆ ಹೇಗೆ ಗೊತ್ತು ಅಂದರೆ, ಪಡಸಾಲೆಯ ಕಂಬದ ಮೇಲೆ ಮನೆಮಂದಿಯ ಎತ್ತರಕ್ಕೆಲ್ಲ ಅವನೇ ಉಳಿಯಿಂದ ಗೆರೆ ಹಾಕಿಟ್ಟಿದ್ದಾನೆ. ಅಪ್ಪನದು ಐದಡಿ ಮೂರೂವರೆ. ನನ್ನದು ಐದಡಿ ಆರು. ಸೆಂಟಿಮೀಟರಿಗೆ ತಿರುಗಿಸಿ, ಎತ್ತರ ಒಂದರಿಂದಲೇ ರಾವ್ ಕೊಟ್ಟ ಸರಾಸರಿಗಳ ಪಕ್ಕ ಇಟ್ಟು ನೋಡಿದೆ. ಅಜ್ಜ ಕೋರ್ವಾ. ಅಪ್ಪ ಆರ್ಟಿಸಾನ್. ನಾನು ಬ್ರಾಹ್ಮಣ! ಒಂದೇ ಮನೆ, ಮೂರು ತಲೆಮಾರು, ಮೂರು ಜಾತಿ.

ಬದಲಾಗಿದ್ದು ಏನು? ಅಜ್ಜ ಹುಡುಗನಾಗಿದ್ದಾಗ ಬರ ಬಿದ್ದು ಒಂದೊಪ್ಪತ್ತಿನ ಊಟದಲ್ಲಿ ದಿನ ತಳ್ಳಿದ್ದನ್ನು ಹೇಳುತ್ತಿದ್ದ. ಅಪ್ಪನ ಕಾಲಕ್ಕೆ ರೇಷನ್ ಜೋಳ ಬಂತು. ನಾನು ಶಾಲೆಗೆ ಹೋಗುವ ಹೊತ್ತಿಗೆ ಬಿಸಿಯೂಟ ಇತ್ತು, ಆಮೇಲೆ ಹಾಸ್ಟೆಲಿನ ಮೊಟ್ಟೆ ಇತ್ತು. ಆ 1941ರ ಪಟ್ಟಿಯಲ್ಲಿ ಬ್ರಾಹ್ಮಣರಿಗೂ ಕಸುಬಿನವರಿಗೂ ನಡುವೆ ಇರುವ ನಾಲ್ಕು ಸೆಂಟಿಮೀಟರಿನಲ್ಲಿ ರಕ್ತ ಎಷ್ಟು, ಹಾಲು-ಮೊಸರು ಎಷ್ಟು? ಪಟ್ಟಿಯಲ್ಲಿ ಜಾತಿಯ ಹೆಸರಿಗೆ ಒಂದು ಕಾಲಂ ಇತ್ತು, ಉಂಡದ್ದಕ್ಕೆ ಕಾಲಂ ಇರಲಿಲ್ಲ. ಇಲ್ಲದ ಕಾಲಂನಿಂದ ಯಾವ ಗಾಣವೂ ಎಣ್ಣೆ ತೆಗೆಯಲಾರದು. ಇದನ್ನು ನಮಗೆ ಲೆಕ್ಕ ಹಾಕಿ ಕಲಿಸಿದ್ದು ಮತ್ತೆ ರಾವ್ ಅವರೇ.

ಅವರು ಮುಂದೆ ದಶಕಗಳ ಕಾಲ ಕಲ್ಕತ್ತಾ, ದೆಹಲಿಗಳಲ್ಲಿ ಪಾಠ ಹೇಳಿ, ನಿವೃತ್ತಿಯ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಪಿಟ್ಸ್‌ಬರ್ಗ್‌ನಲ್ಲೂ ಪೆನ್ ಸ್ಟೇಟ್‌ನಲ್ಲೂ ಪ್ರೊಫೆಸರ್ ಆಗಿದ್ದರು. 2001ರಲ್ಲಿ ಪದ್ಮವಿಭೂಷಣ. 2023ರಲ್ಲಿ, 102ನೆಯ ವಯಸ್ಸಿನಲ್ಲಿ, ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ. ಕೊಟ್ಟದ್ದು ಆ ಒಂದು ರಾತ್ರಿಯ ಉತ್ತರವಿರುವ 1945ರ ಪ್ರಬಂಧಕ್ಕೆ. ಅದೇ ವರ್ಷ ಆಗಸ್ಟ್ 22ರಂದು ತೀರಿಕೊಂಡರು. ಅವತ್ತು ನಾನು ಏನೂ ಬರೆಯಲಿಲ್ಲ, ಬರೆಯಲು ಗೊತ್ತಾಗಲಿಲ್ಲ.

ನನ್ನ ಥೀಸಿಸ್ ಏನು ಅಂತ ಇಲ್ಲಿ ಕೆಲವರು ಕೇಳಿದ್ದಿರಿ. ಅಂಗನವಾಡಿ ಮಕ್ಕಳ ಎತ್ತರ-ತೂಕದ ದಾಖಲೆಗಳಲ್ಲಿ ಖಾಲಿ ಬಿಟ್ಟುಹೋದ ಖಾನೆಗಳನ್ನು ಏನು ಮಾಡುವುದು, ಅವುಗಳಿದ್ದೂ ಯಾವ ಮಗುವಿಗೆ ಊಟ ಸಾಲುತ್ತಿಲ್ಲ ಅಂತ ಹೇಗೆ ಕಂಡುಹಿಡಿಯುವುದು ಅನ್ನುವುದು. ಬಳಸುವ ವಿಧಾನದ ಬೇರು ಆ 1948ರ ಥೀಸಿಸ್‌ನಲ್ಲೇ ಇದೆ. ಮೊದಲ ಕಾಲಂ ಕೂಡ ಅದೇ, ನಿಂತ ಎತ್ತರ. ಇಲ್ಲೂ ಗೆರೆ ಎಳೆಯಬೇಕು, ಇಲ್ಲೂ ತಪ್ಪಾಗುತ್ತದೆ. ಗೆರೆಯ ಕೆಳಗೆ ಬಿದ್ದ ಮಗುವಿಗೆ ಒಂದು ಮೊಟ್ಟೆ ಹೆಚ್ಚು ಸಿಗಬಹುದು ಅನ್ನುವುದಷ್ಟೇ ವ್ಯತ್ಯಾಸ. ಗೈಡ್‌ಗೆ ಕೇಳದೆ ಒಂದು ಕೆಲಸ ಮಾಡಿದ್ದೇನೆ. ಅಭ್ಯಾಸಕ್ಕೆ ಕಿರಿಯರಿಗೆ ಕೊಡುವ ಲೆಕ್ಕದಲ್ಲಿ ಆ ಮೂರು ಹೆಸರು ತೆಗೆದು ನಮ್ಮ ಕಡೆಯ ಮೂರು ಜೋಳದ ತಳಿಗಳ ಅಳತೆ ಹಾಕಿದ್ದೇನೆ. ಇನ್ನೂ ಅವರಿಗೆ ಗೊತ್ತಾಗಿಲ್ಲ.

ಹೋದ ತಿಂಗಳು ಅಳತೆ ಹೇಗೆ ತೆಗೆಯುತ್ತಾರೆ ನೋಡೋಣ ಅಂತ ನಮ್ಮೂರ ಹತ್ತಿರದ ಒಂದು ಅಂಗನವಾಡಿಗೆ ಹೋಗಿದ್ದೆ. ಟೀಚರ್ ಗೋಡೆಗೆ ಅಂಟಿಸಿದ ಪಟ್ಟಿಯ ಮುಂದೆ ಒಬ್ಬಳು ಹುಡುಗಿಯನ್ನು ನಿಲ್ಲಿಸಿದರು. ನಾಲ್ಕು ವರ್ಷ ಇರಬಹುದು. ಹೊಸಬರು ನೋಡುತ್ತಿದ್ದಾರೆ ಅಂತ ಅವಳು ಮೆಲ್ಲಗೆ ತುದಿಗಾಲ ಮೇಲೆ ಏರಿದಳು. "ಹಿಮ್ಮಡ ಊರವ್ವಾ" ಅಂತ ಟೀಚರ್ ಅಂದರು. ಊರಿದಳು. ಟೀಚರ್ ಅಂಕಿ ಬರೆದುಕೊಳ್ಳಲು ಬಗ್ಗಿದ ಕೂಡಲೇ, ನನ್ನ ಕಡೆ ನೋಡುತ್ತಾ, ಮತ್ತೆ ತುದಿಗಾಲ ಮೇಲೆ ನಿಂತಳು.